ಹೊರೆ ಯಾರ ಹೆಗಲಿಗೆ? ಕಾನೂನಿನ ಇಮ್ಯುನಿಟಿ, ಮೈಯೊಳಗಿನ ಇಮ್ಯುನಿಟಿ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಓಘದಲ್ಲಿ ಎರಡೆರಡು ಸಲ ಹೇಳಿದ್ದನ್ನು ಕತ್ತರಿಸಿದ್ದೇನೆ. ಸಭಿಕರ ಎರಡು ಪ್ರಶ್ನೆಗಳನ್ನು ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎರಡನೇ ಶತಮಾನದ ರೋಮ್ ಸಾಮ್ರಾಜ್ಯದಲ್ಲಿ ವೈದ್ಯರಿಗೆ ಇಮ್ಯುನಿಟಿ ಇತ್ತು. ರೋಗದಿಂದಲ್ಲ, ಊರಿನ ಕೆಲಸಗಳಿಂದ. ಸೈನಿಕರು ಬಂದರೆ ಮನೆಯಲ್ಲಿ ಇಳಿಸಿಕೊಳ್ಳಬೇಕು. ಊರಿಗೆ ದವಸ, ಎಣ್ಣೆ ಕೊಳ್ಳುವ ಹೊಣೆ ಹೊರಬೇಕು. ತಂದೆ ಇಲ್ಲದ ಮಕ್ಕಳ ಆಸ್ತಿ ನೋಡಿಕೊಳ್ಳಬೇಕು. ಊರಿನ ಪರವಾಗಿ ದೂರದ ದರ್ಬಾರಿಗೆ ಹೋಗಿ ಅಹವಾಲು ಹೇಳಬೇಕು. ಸ್ವಲ್ಪ ಅನುಕೂಲ ಇದ್ದವರ ತಲೆಗೆ ಇಂಥ ಬಿಟ್ಟಿ ಕೆಲಸಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ವೈದ್ಯರಿಗೂ ಪಾಠ ಹೇಳುವವರಿಗೂ ಇವೆಲ್ಲ ಮಾಫಿ. ಆ ಮಾಫಿಗೇ ಅವರ ಭಾಷೆಯಲ್ಲಿ ಇಮ್ಯುನಿಟಾಸ್ ಅಂತ ಹೆಸರು.

ಮುಂದೆ ಏನಾಯಿತು ಅಂತ ಊಹಿಸುವುದು ಕಷ್ಟವೇನಲ್ಲ. ಮಾಫಿ ಪಡೆದವರು ಜಾಸ್ತಿಯಾದರು. ಊರಿನ ಕೆಲಸ ಮಾತ್ರ ಅಷ್ಟೇ ಇತ್ತು. ಮಾಡುವವರು ಕಡಿಮೆಯಾದರು. ಆಗ ಚಕ್ರವರ್ತಿ ಆಂಟೊನೈನಸ್ ಪಯಸ್ ಒಂದು ಮಿತಿ ಹಾಕಿದ. ಸಣ್ಣ ಊರಲ್ಲಿ 5 ವೈದ್ಯರಿಗೆ ಮಾತ್ರ ಮಾಫಿ, ಮಧ್ಯಮ ಊರಲ್ಲಿ 7, ದೊಡ್ಡ ನಗರದಲ್ಲಿ 10. ಆರನೆಯ ವೈದ್ಯ ಎಷ್ಟೇ ಒಳ್ಳೆಯ ವೈದ್ಯನಾಗಿರಲಿ, ಅವನು ಸೈನಿಕರಿಗೆ ಮನೆ ಬಾಗಿಲು ತೆಗೆಯಲೇಬೇಕು.

ಆ 5, 7, 10ರ ಲೆಕ್ಕವನ್ನು ಇವತ್ತು ಮುಂದಿಟ್ಟುಕೊಂಡು ಮಾತಾಡುತ್ತೇನೆ. ಕಾನೂನಿನಲ್ಲಿ ಒಬ್ಬನಿಗೆ ವಿನಾಯಿತಿ ಕೊಟ್ಟರೆ ಅವನ ಪಾಲಿನ ಹೊರೆ ಮಾಯವಾಗುವುದಿಲ್ಲ, ಇನ್ನೊಬ್ಬನ ಹೆಗಲಿಗೆ ಹೋಗುತ್ತದೆ. 19ನೇ ಶತಮಾನದ ವೈದ್ಯವಿಜ್ಞಾನ ಈ ಹೆಸರನ್ನು ಕಾನೂನಿನಿಂದ ತೆಗೆದುಕೊಂಡು ಮೈಯೊಳಗಿನ ಒಂದು ಸಂಗತಿಗೆ ಇಟ್ಟಿತು. ಆದರೆ ಮೈಯೊಳಗೆ ಯಾರೂ ಯಾರಿಗೂ ಮಾಫಿ ಕೊಡುವುದಿಲ್ಲ. ಅಲ್ಲಿ ಇರುವುದು ಬರೀ ದುಡಿಮೆ. ಈ ವ್ಯತ್ಯಾಸ ಮರೆತದ್ದರಿಂದಲೇ ಇಮ್ಯುನಿಟಿಯ ಬಗ್ಗೆ ನಮ್ಮ ಅರ್ಧ ತಪ್ಪು ಕಲ್ಪನೆಗಳು ಹುಟ್ಟಿವೆ ಅನ್ನುವುದು ನನ್ನ ಅನಿಸಿಕೆ.

ಮೊದಲು ಕಾನೂನು.

1708ರ ಬೇಸಿಗೆಯಲ್ಲಿ ಲಂಡನ್ನಿನ ಬೀದಿಯಲ್ಲಿ ರಷ್ಯಾದ ರಾಯಭಾರಿ ಆಂದ್ರೇ ಮತ್ವೇಯೆವ್ ಅವರನ್ನು ಗಾಡಿಯಿಂದ ಎಳೆದು ಹಿಡಿದುಕೊಂಡು ಹೋದರು. ಕಾರಣ, ಸಾಲ. ಅವರು ದೇಶ ಬಿಟ್ಟು ಹೊರಡುವವರಿದ್ದರು, ದುಡ್ಡು ಮುಳುಗುತ್ತದೆ ಅಂತ ಸಾಲ ಕೊಟ್ಟ ವ್ಯಾಪಾರಿಗಳಿಗೆ ಭಯ. ರಷ್ಯಾದ ಪೀಟರ್ ದೊರೆ ಕೆರಳಿದ. ಆಮೇಲೆ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ರಾಯಭಾರಿಗಳ ಮೇಲೆ ಹೀಗೆ ಹೂಡುವ ದಾವೆಗಳು, ಬಂಧನಗಳು ಇನ್ನು ಊರ್ಜಿತವಲ್ಲ ಅಂತ. ಬ್ರಿಟನ್ನಿನ ರಾಣಿ ಪೀಟರ್ ದೊರೆಯ ಕ್ಷಮೆಯನ್ನೂ ಕೇಳಿದಳು. ಈ ಕಥೆಯಲ್ಲಿ ದೊರೆಗೆ ಮರ್ಯಾದೆ ಸಿಕ್ಕಿತು, ರಾಯಭಾರಿಗೆ ರಕ್ಷಣೆ ಸಿಕ್ಕಿತು. ಕಾನೂನಿನ ಹೊರೆ ಬಿದ್ದದ್ದು ಮಾತ್ರ ಮುಂದೆ ರಾಯಭಾರಿಗಳಿಗೆ ಸಾಲ ಕೊಡುವ ವ್ಯಾಪಾರಿಗಳ ಮೇಲೆ.

ಇವತ್ತಿನ ನಿಯಮಗಳು ಇರುವುದು 1961ರ ವಿಯೆನ್ನಾ ಒಪ್ಪಂದದಲ್ಲಿ. ಅದನ್ನು ಓದಿದರೆ ಆಶ್ಚರ್ಯವಾಗುತ್ತದೆ, ಎಷ್ಟು ಎಚ್ಚರಿಕೆಯಿಂದ ಬರೆದಿದ್ದಾರೆ ಅಂತ. ಈ ಸವಲತ್ತು ವ್ಯಕ್ತಿಯ ಲಾಭಕ್ಕಲ್ಲ, ಅವನ ಕೆಲಸ ಸುಗಮವಾಗಿ ನಡೆಯಲಿ ಅಂತ ಮಾತ್ರ ಎಂದು ಪೀಠಿಕೆಯಲ್ಲೇ ಹೇಳಿಬಿಟ್ಟಿದ್ದಾರೆ. ರಾಯಭಾರಿಯನ್ನು ಬಂಧಿಸುವಂತಿಲ್ಲ. ರಾಯಭಾರ ಕಚೇರಿಯೊಳಗೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಆದರೆ ಆತ ಅಲ್ಲಿನ ಕಾನೂನನ್ನು ಪಾಲಿಸಲೇಬೇಕು. ಇದನ್ನು ಬಹಳ ಜನ ಗಮನಿಸುವುದಿಲ್ಲ. ಕಾನೂನು ಅವನಿಗೂ ಅನ್ವಯಿಸುತ್ತದೆ, ಆ ದೇಶದ ಕೋರ್ಟಿಗೆ ಅವನನ್ನು ಎಳೆಯಲು ಆಗುವುದಿಲ್ಲ ಅಷ್ಟೆ. ಅವನ ಸ್ವಂತ ದೇಶದ ಕೋರ್ಟಿನ ಬಾಗಿಲು ತೆರೆದೇ ಇರುತ್ತದೆ. ಅವನ ದೇಶ ಬೇಕೆಂದರೆ ಆ ರಕ್ಷಣೆಯನ್ನೇ ಹಿಂದಕ್ಕೆ ತೆಗೆದುಕೊಳ್ಳಬಹುದು. ಯಾಕೆಂದರೆ ಅದು ಅವನ ಸ್ವತ್ತಲ್ಲ, ದೇಶದ್ದು.

ಕಾಗದದ ಮೇಲೆ ಇದೆಲ್ಲ ಚೆನ್ನಾಗಿಯೇ ಇದೆ. 1984ರ ಏಪ್ರಿಲ್ 17ರಂದು ಲಂಡನ್ನಿನ ಸೇಂಟ್ ಜೇಮ್ಸ್ ಚೌಕದಲ್ಲಿ ಲಿಬಿಯಾ ರಾಯಭಾರ ಕಚೇರಿಯ ಮುಂದೆ ಒಂದು ಪ್ರತಿಭಟನೆ ನಡೆಯುತ್ತಿತ್ತು. ಕಚೇರಿಯ ಕಿಟಕಿಯಿಂದ ಗುಂಡು ಹಾರಿತು. ಕಾವಲಿಗೆ ನಿಂತಿದ್ದ ಒಬ್ಬ ಮಹಿಳಾ ಪೊಲೀಸ್ ಸತ್ತರು. ಪ್ರತಿಭಟನಾಕಾರರಿಗೆ ಗಾಯಗಳಾದವು. ಪೊಲೀಸರು ಕಟ್ಟಡವನ್ನು ಸುತ್ತುವರಿದರು, ಒಳಗೆ ಹೋಗಲಿಲ್ಲ. ಹೋಗುವ ಹಾಗಿರಲಿಲ್ಲ. ಹನ್ನೊಂದನೆಯ ದಿನ ಒಳಗಿದ್ದವರು ಹೊರಗೆ ಬಂದು ವಿಮಾನ ಹತ್ತಿ ಹೊರಟುಹೋದರು. ಅವರ ರಾಜತಾಂತ್ರಿಕ ಚೀಲಗಳನ್ನು ಯಾರೂ ಬಿಚ್ಚಿ ನೋಡಲಿಲ್ಲ. ಬ್ರಿಟನ್ ಸಂಬಂಧ ಕಡಿದುಕೊಂಡಿತು, ಅಷ್ಟೆ. ಲಿಬಿಯಾದಲ್ಲಿದ್ದ ತನ್ನ ರಾಯಭಾರಿಗಳ ಜೀವದ ಬಗ್ಗೆಯೂ ಅದಕ್ಕೆ ಯೋಚನೆ ಇತ್ತು. ಎರಡೂ ಕಡೆಯವರು ಪರಸ್ಪರರ ಜನರನ್ನು ಮುಟ್ಟುವುದಿಲ್ಲ ಅನ್ನುವ ನಂಬಿಕೆಯ ಮೇಲೇ ಈ ಇಡೀ ವ್ಯವಸ್ಥೆ ನಿಂತಿದೆ. ಆ ನಂಬಿಕೆ ಉಳಿಸಿಕೊಳ್ಳಲು ತೆತ್ತ ಬೆಲೆ ಒಬ್ಬ ಪೊಲೀಸಿನ ಮನೆಯವರದು.

1997ರಲ್ಲಿ ಬೇರೆ ಥರ ಆಯಿತು. ವಾಷಿಂಗ್ಟನ್ನಿನಲ್ಲಿ ಜಾರ್ಜಿಯಾ ದೇಶದ ಒಬ್ಬ ಹಿರಿಯ ರಾಜತಾಂತ್ರಿಕ ಕುಡಿದು ಅತಿವೇಗದಲ್ಲಿ ಕಾರು ಓಡಿಸಿ ಅಪಘಾತ ಮಾಡಿದ. 16 ವರ್ಷದ ಹುಡುಗಿ ಸತ್ತಳು. ಜಾರ್ಜಿಯಾ ಸರ್ಕಾರ ಅವನ ರಕ್ಷಣೆಯನ್ನು ಹಿಂತೆಗೆದುಕೊಂಡಿತು. ಅವನು ತಪ್ಪೊಪ್ಪಿಕೊಂಡು ಅಮೆರಿಕದಲ್ಲೇ ಜೈಲಿಗೆ ಹೋದ. ನಿಯಮದ ಪುಸ್ತಕ ಎರಡೂ ಸಲ ಅದೇ. ಕಳುಹಿಸಿದ ದೇಶ ಬೇರೆ.

ದೇಶದ ಮುಖ್ಯಸ್ಥರ ವಿಷಯ ಇನ್ನೂ ಜಟಿಲ. ಚಿಲಿಯ ಮಾಜಿ ಸರ್ವಾಧಿಕಾರಿ ಪಿನೋಷೆಯನ್ನು 1998ರ ಅಕ್ಟೋಬರ್ 16ರಂದು ಲಂಡನ್ನಿನಲ್ಲಿ ಬಂಧಿಸಿದರು. ಚಿಕಿತ್ಸೆಗೆ ಅಂತ ಬಂದಿದ್ದವನು. 1999ರ ಮಾರ್ಚಿನಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠ ಹೇಳಿತು: ಚಿತ್ರಹಿಂಸೆಯ ಆರೋಪಗಳಿಗೆ, ಅವುಗಳಲ್ಲೂ ಚಿತ್ರಹಿಂಸೆ ವಿರೋಧಿ ಒಪ್ಪಂದ ಜಾರಿಯಾದ ನಂತರದವಕ್ಕೆ, ಮಾಜಿ ಮುಖ್ಯಸ್ಥ ಅನ್ನುವ ರಕ್ಷಣೆ ಸಿಗದು. ಬಹಳ ದೊಡ್ಡ ತೀರ್ಪು. ಕೊನೆಗೆ ಏನಾಯಿತು? 2000ರ ಮಾರ್ಚಿನಲ್ಲಿ ಅವನನ್ನು ಬಿಟ್ಟು ಕಳುಹಿಸಿದರು. ಕಾರಣ, ಅನಾರೋಗ್ಯ. ವಿಚಾರಣೆ ಎದುರಿಸುವ ಸ್ಥಿತಿಯಲ್ಲಿಲ್ಲ ಅಂತ ವೈದ್ಯರ ವರದಿ. ಸ್ಯಾಂಟಿಯಾಗೋದಲ್ಲಿ ವಿಮಾನ ಇಳಿದ ಮೇಲೆ ಗಾಲಿಕುರ್ಚಿಯಿಂದ ಎದ್ದು ನಡೆದುಹೋಗಿ ತನ್ನವರನ್ನು ಮಾತಾಡಿಸಿದ. ಕಾನೂನು ಕೊಡದ ರಕ್ಷಣೆಯನ್ನು ಮೆಡಿಕಲ್ ಸರ್ಟಿಫಿಕೇಟು ಕೊಟ್ಟಿತು. (ಇಲ್ಲಿ ಸಭೆಯಲ್ಲಿ ನಗು.)

ಇನ್ನೊಂದು ಕಡೆ 2002ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ಕಾಂಗೋ ಮತ್ತು ಬೆಲ್ಜಿಯಂ ನಡುವಿನ ವ್ಯಾಜ್ಯದಲ್ಲಿ, ಅಧಿಕಾರದಲ್ಲಿರುವ ವಿದೇಶಾಂಗ ಮಂತ್ರಿಯನ್ನು ಬೇರೆ ದೇಶದ ಕೋರ್ಟು ಬಂಧಿಸಲು ಹೊರಡುವಂತಿಲ್ಲ ಅಂದಿತು. ಜೊತೆಗೆ, ವಿಚಾರಣೆಯಿಂದ ರಕ್ಷಣೆ ಸಿಕ್ಕಿದೆ ಅಂದರೆ ಅಪರಾಧದ ಹೊಣೆ ಹೋಯಿತು ಅಂತಲ್ಲ ಎಂದೂ ಸ್ಪಷ್ಟಪಡಿಸಿತು. ಕಾನೂನು ಓದಿದವರಿಗೆ ಈ ಭೇದ ಗೊತ್ತಿರುತ್ತದೆ. ಕಳೆದುಕೊಂಡವರ ಮನೆಯಲ್ಲಿ ನಿಂತು ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ, ಅಲ್ವಾ?

ಮಾಫಿ ಸಾಕ್ಷಿಯ ವಿಷಯ ಎಲ್ಲರಿಗೂ ಗೊತ್ತು, ಅದನ್ನು ಬೇಗ ಮುಗಿಸುತ್ತೇನೆ. ದೊಡ್ಡ ಕಳ್ಳನನ್ನು ಹಿಡಿಯಲು ಸಣ್ಣ ಕಳ್ಳನಿಗೆ ಶಿಕ್ಷೆ ಬಿಡುವುದು. ಅದೊಂದು ವ್ಯವಹಾರ. ಸತ್ಯ ಹೇಳಿದರೆ ಮಾತ್ರ ಮಾಫಿ, ಸುಳ್ಳು ಹೇಳಿದರೆ ಮತ್ತೆ ಕಟಕಟೆಗೆ. ಇಲ್ಲಾದರೂ ಕೊಟ್ಟದ್ದಕ್ಕೆ ಪ್ರತಿಯಾಗಿ ಸಮಾಜಕ್ಕೆ ಏನೋ ಒಂದು ಬರುತ್ತದೆ.

ಈಗ ಮೈಯೊಳಗೆ ಹೋಗೋಣ.

1882ರ ಕೊನೆ. ಸಿಸಿಲಿ ದ್ವೀಪದ ಮೆಸ್ಸೀನಾ. ರಷ್ಯಾದ ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಸಮುದ್ರದ ದಂಡೆಯಲ್ಲಿ ಮನೆ ಮಾಡಿಕೊಂಡಿದ್ದರು. ಒಂದು ದಿನ ಮನೆಯವರೆಲ್ಲ ಸರ್ಕಸ್ಸಿಗೆ ಹೋದರು, ಕೋತಿಗಳ ಆಟ ನೋಡಲು. ಇವರು ಸೂಕ್ಷ್ಮದರ್ಶಕದ ಮುಂದೆ ಉಳಿದರು. ನಕ್ಷತ್ರ ಮೀನಿನ ಮರಿ ಗಾಜಿನ ಹಾಗೆ ಪಾರದರ್ಶಕ. ಒಳಗೆ ಕೋಶಗಳು ಓಡಾಡುವುದು ಕಾಣುತ್ತದೆ. ಅವರಿಗೆ ಒಂದು ಯೋಚನೆ ಬಂತು. ಈ ಕೋಶಗಳು ಹೊರಗಿನಿಂದ ಬಂದದ್ದರ ಮೇಲೆ ಬೀಳುತ್ತವೆಯೇ? ಕೈದೋಟಕ್ಕೆ ಹೋಗಿ ಗುಲಾಬಿ ಮುಳ್ಳು ಕಿತ್ತು ತಂದರು. ಮರಿಯ ತೆಳು ಚರ್ಮದೊಳಗೆ ಚುಚ್ಚಿದರು. ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿವೆ, ಅದನ್ನು ನುಂಗಲು ನೋಡುತ್ತಿವೆ. ನಮ್ಮ ಕೈಗೆ ಸಿಬಿರು ಹೊಕ್ಕಾಗ ಊದಿಕೊಂಡು ಕೀವು ಆಗುತ್ತದಲ್ಲ, ಅದೇ ಕೆಲಸ. ಕೀವು ಅಂದರೆ ಬಹುಪಾಲು ಸತ್ತ ಬಿಳಿ ರಕ್ತಕಣಗಳೇ. ದುಡಿದು ಸತ್ತವು.

1890ರಲ್ಲಿ ಜರ್ಮನಿಯಲ್ಲಿ ಬೇರಿಂಗ್ ಮತ್ತು ಕಿತಸಾಟೊ ಇನ್ನೊಂದನ್ನು ತೋರಿಸಿದರು. ಧನುರ್ವಾಯು, ಗಂಟಲಮಾರಿ ವಿಷಕ್ಕೆ ಒಗ್ಗಿಸಿದ ಪ್ರಾಣಿಯ ರಕ್ತದ ತಿಳಿಯನ್ನು ಬೇರೆ ಪ್ರಾಣಿಗೆ ಚುಚ್ಚಿದರೆ ಅದೂ ಬದುಕುತ್ತದೆ. ಅಂದರೆ ರಕ್ಷಣೆ ಬರೀ ಕೋಶದಲ್ಲಿಲ್ಲ, ರಕ್ತದಲ್ಲಿ ಕರಗಿರುವ ವಸ್ತುವಿನಲ್ಲೂ ಇದೆ. ಕೋಶವೋ ದ್ರವವೋ ಅಂತ ಎರಡು ಬಣಗಳು ವರ್ಷಗಟ್ಟಲೆ ಜಗಳ ಆಡಿದವು. 1908ರಲ್ಲಿ ನೊಬೆಲ್ ಸಮಿತಿ ಮೆಚ್ನಿಕಾಫ್ ಮತ್ತು ಪೌಲ್ ಎರ್ಲಿಕ್ ಇಬ್ಬರಿಗೂ ಬಹುಮಾನ ಹಂಚಿತು. ಎರಡೂ ಸರಿಯಾಗಿತ್ತು.

ಇಲ್ಲಿ ಗಮನಿಸಬೇಕಾದದ್ದು ಖರ್ಚು. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಮೈಯ ಇಂಧನದ ಖರ್ಚು ಶೇಕಡಾ 10ರಷ್ಟು, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿ ಏರುತ್ತದೆ. ಎದೆಗೂಡಿನಲ್ಲಿ ಥೈಮಸ್ ಅನ್ನುವ ಗ್ರಂಥಿ ಇದೆ. ಟಿ ಕೋಶಗಳು, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು, ಬಲಿಯುವುದು ಅಲ್ಲಿ. ಅಲ್ಲಿ ಅವಕ್ಕೆ ಮೈಯ ಸ್ವಂತ ಪ್ರೋಟೀನುಗಳನ್ನು ತೋರಿಸಲಾಗುತ್ತದೆ. ಏನನ್ನೂ ಗುರುತಿಸಲಾರದ ಕೋಶ ಸಾಯುತ್ತದೆ. ಸ್ವಂತದ್ದರ ಮೇಲೆ ಜೋರಾಗಿ ಎರಗುವ ಕೋಶವೂ ಸಾಯಬೇಕು. ಹೀಗೆ ನೂರರಲ್ಲಿ 95ಕ್ಕೂ ಹೆಚ್ಚು ಕೋಶಗಳು ಹೊರಗೇ ಬರುವುದಿಲ್ಲ. ಯಾವ ಪರೀಕ್ಷೆಯಲ್ಲೂ ಇಷ್ಟು ಜನ ನಪಾಸಾಗುವುದಿಲ್ಲ.

ಅಷ್ಟಾದರೂ ಕೆಲವು ತಪ್ಪಿಸಿಕೊಂಡು ಬರುತ್ತವೆ. ಅವನ್ನು ಹತೋಟಿಯಲ್ಲಿಡಲು ಬೇರೆಯೇ ಕೋಶಗಳಿವೆ. 1995ರಲ್ಲಿ ಜಪಾನಿನ ಶಿಮೋನ್ ಸಕಾಗುಚಿ ಇವನ್ನು ಗುರುತಿಸಿದರು. 2025ರ ವೈದ್ಯಕೀಯ ನೊಬೆಲ್ ಅವರಿಗೂ, ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೂ ಸಿಕ್ಕಿತು. ಹೊಡೆಯುವುದನ್ನು ಕಂಡುಹಿಡಿದವರಿಗೆ 1908ರಲ್ಲಿ ಬಹುಮಾನ, ತಡೆಯುವುದನ್ನು ಕಂಡುಹಿಡಿದವರಿಗೆ 117 ವರ್ಷದ ನಂತರ. ಈ ಹತೋಟಿ ತಪ್ಪಿದರೆ ಏನಾಗುತ್ತದೆ ಅಂತ ಟೈಪ್ 1 ಮಧುಮೇಹ ಇರುವವರನ್ನು ಕೇಳಿ. ಅವರ ಇನ್ಸುಲಿನ್ ಕೋಶಗಳನ್ನು ಕೊಂದದ್ದು ಯಾವ ರೋಗಾಣುವೂ ಅಲ್ಲ, ಅವರದೇ ಟಿ ಕೋಶಗಳು.

ಮೈಯೊಳಗೂ ರಾಯಭಾರ ಕಚೇರಿಯಂಥ ಜಾಗಗಳಿವೆ. ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಣ್ಣಿನ ಒಳಭಾಗ ಅಂಥ ಒಂದು ಜಾಗ. ಬೇರೆ ಕಡೆ ಕಸಿ ಮಾಡಿದರೆ ಮೈ ತಿರಸ್ಕರಿಸುವ ಅಂಗಾಂಶ ಇಲ್ಲಿ ಬಹಳ ಕಾಲ ಉಳಿದುಕೊಳ್ಳುತ್ತದೆ. 1940ರ ದಶಕದಲ್ಲಿ ಪೀಟರ್ ಮೆಡವಾರ್ ಇದನ್ನು ಗಮನಿಸಿದರು. ಕಣ್ಣಿನ ಪಾರದರ್ಶಕ ಪಟಲದ ಕಸಿ ಅಷ್ಟು ಚೆನ್ನಾಗಿ ನಡೆಯುವುದಕ್ಕೂ ಇದು ಒಂದು ಕಾರಣ. ವಿಜ್ಞಾನಿಗಳು ಇದನ್ನು ಕರೆಯುವುದೂ ಕಾನೂನಿನ ಮಾತಿನಲ್ಲೇ, ಸವಲತ್ತು ಅಂತ. ಕಾರಣ ಸರಳ. ಕಾಲಿನಲ್ಲಿ ಊತ ಬಂದು ಗಾಯದ ಗುರುತು ಉಳಿದರೆ ನಷ್ಟವಿಲ್ಲ. ಕಣ್ಣೊಳಗೆ ಅದೇ ಆದರೆ ದೃಷ್ಟಿಯೇ ಹೋಗುತ್ತದೆ. ಸೋಂಕಿಗಿಂತ ಸೋಂಕಿನ ಜೊತೆಗಿನ ಯುದ್ಧವೇ ಅಲ್ಲಿ ಜಾಸ್ತಿ ಅಪಾಯ. ಅದಕ್ಕೆ ಕಾವಲುಗಾರರು ಅಲ್ಲಿ ಮೆಲ್ಲಗೆ ನಡೆಯುತ್ತಾರೆ.

ಈ ಏರ್ಪಾಟು ಮುರಿದರೆ? ಒಂದು ಕಣ್ಣಿಗೆ ಆಳವಾದ ಪೆಟ್ಟು ಬಿದ್ದು ಒಳಗಿನ ಪ್ರೋಟೀನುಗಳು ಹೊರಗೆ ಸೋರುತ್ತವೆ. ರೋಗನಿರೋಧಕ ವ್ಯವಸ್ಥೆ ಅವನ್ನು ಅದುವರೆಗೆ ಸರಿಯಾಗಿ ನೋಡಿಯೇ ಇರುವುದಿಲ್ಲ. ಪರಕೀಯ ಅಂದುಕೊಳ್ಳುತ್ತದೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಪೆಟ್ಟೇ ಬೀಳದ ಇನ್ನೊಂದು ಕಣ್ಣಿನ ಮೇಲೆ ದಾಳಿ ಮಾಡುತ್ತದೆ. ಅಪರೂಪದ ಕಾಯಿಲೆ, ಆದರೆ ಇದೆ.

ಇದರ ಉಲ್ಟಾ ಕಥೆ ಕ್ಯಾನ್ಸರಿನದು. ಟಿ ಕೋಶಗಳ ಮೇಲೆ ಬ್ರೇಕಿನ ಹಾಗೆ ಕೆಲಸ ಮಾಡುವ ಪ್ರೋಟೀನುಗಳಿವೆ. ಕೆಲವು ಕ್ಯಾನ್ಸರ್ ಕೋಶಗಳು ಅದೇ ಬ್ರೇಕನ್ನು ಒತ್ತಿ, ನನ್ನನ್ನು ಮುಟ್ಟಬೇಡ ಅನ್ನುತ್ತವೆ. ಕೊಡಬಾರದವನಿಗೆ ಕೊಟ್ಟ ರಕ್ಷಣೆ ಅದು. ಜೇಮ್ಸ್ ಆ್ಯಲಿಸನ್ ಮತ್ತು ತಸುಕು ಹೊಂಜೋ ಆ ಬ್ರೇಕನ್ನು ಬಿಡಿಸುವ ದಾರಿ ತೋರಿಸಿ 2018ರ ನೊಬೆಲ್ ಪಡೆದರು. ಆ ಔಷಧಿಗಳಿಂದ ಬದುಕಿದವರಿದ್ದಾರೆ. ಅದೇ ಔಷಧಿಯಿಂದ ಕರುಳು, ಥೈರಾಯ್ಡ್, ಶ್ವಾಸಕೋಶದ ಮೇಲೆ ಸ್ವಂತ ಕೋಶಗಳು ಎರಗಿ ನರಳಿದವರೂ ಇದ್ದಾರೆ. ಒಂದು ಕಡೆ ಬ್ರೇಕ್ ಬಿಟ್ಟರೆ ಗಾಡಿ ಅಲ್ಲೊಂದೇ ಕಡೆ ಓಡುವುದಿಲ್ಲ.

ಈಗ ಮೂರನೆಯದು, ಆರೋಗ್ಯ. ಒಬ್ಬರ ಮೈಯದಲ್ಲ, ಎಲ್ಲರದು.

ಒಮ್ಮೆ ಬಂದು ಹೋದ ರೋಗ ಮತ್ತೆ ಕಾಡುವುದಿಲ್ಲ ಅನ್ನುವುದು ಬಹಳ ಹಳೆಯ ತಿಳಿವಳಿಕೆ. ಕ್ರಿಸ್ತಪೂರ್ವ 430ರಲ್ಲಿ ಅಥೆನ್ಸಿಗೆ ಪಿಡುಗು ಬಂದಾಗ ಚರಿತ್ರೆಕಾರ ಥುಸಿಡಿಡೀಸ್ ಅದನ್ನು ಕಂಡು ಬರೆದಿಟ್ಟ. ಅವನಿಗೂ ರೋಗ ಬಂದು ವಾಸಿಯಾಗಿತ್ತು. ಗುಣವಾದವರು ಧೈರ್ಯವಾಗಿ ರೋಗಿಗಳ ಆರೈಕೆ ಮಾಡುತ್ತಿದ್ದರು, ಅವರಿಗೆ ಮತ್ತೆ ಬಂದರೂ ಸಾಯುವಷ್ಟು ಬರುತ್ತಿರಲಿಲ್ಲ ಅನ್ನುತ್ತಾನೆ. ಜೊತೆಗೆ ಇನ್ನೊಂದು ಮಾತು ಸೇರಿಸುತ್ತಾನೆ. ಬದುಕಿದ ಖುಷಿಯಲ್ಲಿ ಕೆಲವರಿಗೆ, ಇನ್ನು ಮುಂದೆ ಯಾವ ರೋಗದಿಂದಲೂ ತಾವು ಸಾಯುವುದಿಲ್ಲ ಅನ್ನುವ ಭ್ರಮೆ ಹುಟ್ಟಿತಂತೆ. ಒಂದು ರೋಗದಿಂದ ಸಿಕ್ಕ ರಕ್ಷಣೆಯನ್ನು ಎಲ್ಲ ರೋಗಕ್ಕೂ ಹಿಗ್ಗಿಸುವ ಈ ಆಸೆ ಆಗಲೇ ಇತ್ತು ನೋಡಿ.

ಒಮ್ಮೆ ಕಂಡ ರೋಗವನ್ನು ಮೈ ನೆನಪಿಟ್ಟುಕೊಳ್ಳುತ್ತದೆ. ಆ ನೆನಪು ಎಷ್ಟು ವರ್ಷ ಉಳಿಯುತ್ತದೆ ಅನ್ನುವುದಕ್ಕೆ ಒಂದು ಒಳ್ಳೆಯ ಉದಾಹರಣೆ ಉತ್ತರ ಅಟ್ಲಾಂಟಿಕ್ಕಿನ ಫ್ಯಾರೋ ದ್ವೀಪಗಳು. ಅಲ್ಲಿಗೆ 1781ರಲ್ಲಿ ದಡಾರ ಬಂದಿತ್ತು. ಆಮೇಲೆ 65 ವರ್ಷ ಇಲ್ಲವೇ ಇಲ್ಲ. 1846ರಲ್ಲಿ ಹಡಗಿನಲ್ಲಿ ಮತ್ತೆ ಬಂತು. ಸುಮಾರು 7,800 ಜನರಲ್ಲಿ 6,000 ಮಂದಿ ಮಲಗಿದರು. ಡೆನ್ಮಾರ್ಕ್ ಸರ್ಕಾರ ಪೀಟರ್ ಪಾನಮ್ ಅನ್ನುವ 25 ವರ್ಷದ ವೈದ್ಯನನ್ನು ಕಳುಹಿಸಿತು. ಅವನು ಊರೂರು ಸುತ್ತಿ ಮುದುಕರನ್ನು ವಿಚಾರಿಸಿದ. 1781ರಲ್ಲಿ ದಡಾರ ಆಗಿದ್ದ ವೃದ್ಧರಲ್ಲಿ ಒಬ್ಬರಿಗೂ ಈ ಸಲ ಬಂದಿರಲಿಲ್ಲ. ಆಗ ತಪ್ಪಿಸಿಕೊಂಡಿದ್ದ ಮುದುಕರು ಮಾತ್ರ ಈಗ ಮಲಗಿದ್ದರು. ನಡುವೆ ವೈರಸ್ಸಿನ ಮುಖವನ್ನೇ ನೋಡದೆ 65 ವರ್ಷದ ನೆನಪು!

ಇನ್ನು ಸಾಮೂಹಿಕ ರಕ್ಷಣೆ. ಯಾರಿಗೂ ರಕ್ಷಣೆ ಇಲ್ಲದ ಕಡೆ ದಡಾರದ ಒಬ್ಬ ರೋಗಿಯಿಂದ ಸಾಮಾನ್ಯವಾಗಿ 12ರಿಂದ 18 ಜನಕ್ಕೆ ಹರಡುತ್ತದೆ ಅನ್ನುವುದು ಲೆಕ್ಕ. ಹಾಗಾಗಿ ಅದನ್ನು ತಡೆಯಲು ನೂರರಲ್ಲಿ 95 ಜನಕ್ಕೆ ರಕ್ಷಣೆ ಇರಬೇಕು. ಉಳಿದ 5 ಜನ ಯಾರು? ಅದರಲ್ಲಿ ಎಳೆಗೂಸುಗಳಿವೆ. ತಾಯಿಯ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಹಿಡಿಯುವ ರಕ್ತದಲ್ಲಿ ಕರಗಿರುವ ಆ ವಸ್ತುಗಳು, ಕೂಸಿನ ರಕ್ತದಲ್ಲಿ ಕೆಲವು ತಿಂಗಳು ಇರುತ್ತವೆ. ಅವು ಇರುವವರೆಗೆ ಲಸಿಕೆ ಸರಿಯಾಗಿ ನಾಟುವುದಿಲ್ಲ, ಲಸಿಕೆಯ ವೈರಸ್ಸನ್ನೂ ಅವು ಹಿಡಿದುಹಾಕುತ್ತವೆ. ಅದಕ್ಕೇ ದಡಾರದ ಮೊದಲ ಡೋಸು 9 ಅಥವಾ 12 ತಿಂಗಳಿಗೆ. ತಾಯಿಯ ಪಾಲು ಮುಗಿಯುವುದಕ್ಕೂ ತನ್ನದು ಶುರುವಾಗುವುದಕ್ಕೂ ನಡುವೆ ಒಂದು ಸಂದು ಇದೆ. ಆ ಸಂದಿನಲ್ಲಿ ಕೂಸನ್ನು ಕಾಯುವುದು ಸುತ್ತಲಿನವರ ತೋಳಿಗೆ ಬಿದ್ದ ಸೂಜಿ.

ರೋಮಿನ ಲೆಕ್ಕ ಇಲ್ಲಿ ಹಾಗೇ ಕೂರುತ್ತದೆ. ಐದು ಜನರಿಗೆ ವಿನಾಯಿತಿ ಕೊಡಬಹುದು, ಆರನೆಯವನಿಗೆ ಆಗುವುದಿಲ್ಲ. ವ್ಯತ್ಯಾಸ ಏನೆಂದರೆ ಅಲ್ಲಿ ವಿನಾಯಿತಿ ಸಿಕ್ಕಿದ್ದು ಪ್ರತಿಷ್ಠಿತರಿಗೆ. ಇಲ್ಲಿ ಅದು ಸಿಗಬೇಕಾದದ್ದು ಕೂಸುಗಳಿಗೆ, ಕೀಮೋಥೆರಪಿಯಲ್ಲಿರುವವರಿಗೆ. ಬಲವಾಗಿರುವವನು ತನಗೂ ಬೇಕು ಅಂದರೆ ಅವರ ಜಾಗ ಹೋಗುತ್ತದೆ. ಎಲ್ಲ ರೋಗಕ್ಕೂ ಈ ಲೆಕ್ಕ ನಡೆಯುವುದಿಲ್ಲ ಅನ್ನುವುದೂ ಗೊತ್ತಿರಲಿ. ಧನುರ್ವಾಯು ಮಣ್ಣಿನಿಂದ ಬರುತ್ತದೆ, ಮನುಷ್ಯರಿಂದ ಅಲ್ಲ. ಸುತ್ತ ನೂರಕ್ಕೆ ನೂರು ಜನ ಲಸಿಕೆ ಹಾಕಿಸಿಕೊಂಡಿದ್ದರೂ ನೀವು ಹಾಕಿಸಿಕೊಳ್ಳದಿದ್ದರೆ ತುಕ್ಕು ಮೊಳೆ ಚುಚ್ಚಿದಾಗ ನಿಮಗೆ ಯಾರೂ ಅಡ್ಡ ನಿಲ್ಲುವುದಿಲ್ಲ.

ಕಾನೂನು ಮತ್ತು ಲಸಿಕೆ ಮುಖಾಮುಖಿಯಾದ ಕಡೆ ವಿಚಿತ್ರಗಳು ಹುಟ್ಟಿವೆ. ಬ್ರಿಟನ್ನಿನಲ್ಲಿ ಸಿಡುಬಿನ ಲಸಿಕೆ ಕಡ್ಡಾಯವಾಗಿತ್ತು. ದೊಡ್ಡ ವಿರೋಧ ಬಂತು. 1898ರ ಕಾನೂನಿನಲ್ಲಿ, ಮನಸ್ಸಾಕ್ಷಿ ಒಪ್ಪುವುದಿಲ್ಲ ಅನ್ನುವ ತಂದೆತಾಯಿಗೆ ವಿನಾಯಿತಿ ಕೊಟ್ಟರು. ಮೈಗೆ ಇಮ್ಯುನಿಟಿ ಕೊಡುವ ಕೆಲಸದಿಂದ ಕಾನೂನಿನ ಇಮ್ಯುನಿಟಿ! ಯುದ್ಧಕ್ಕೆ ಹೋಗಲ್ಲ ಅನ್ನುವವರ ಬಗ್ಗೆ ಮುಂದೆ ಬಳಕೆಗೆ ಬಂದ ಮನಸ್ಸಾಕ್ಷಿಯ ವಿರೋಧಿ ಅನ್ನುವ ಮಾತು ಕಾನೂನಿನಲ್ಲಿ ಚಾಲ್ತಿಗೆ ಬಂದದ್ದು ಈ ಸಿಡುಬಿನ ಗಲಾಟೆಯಿಂದ.

ಅಮೆರಿಕದ್ದು ಇನ್ನೊಂದು ದಾರಿ. 1980ರ ದಶಕದಲ್ಲಿ ಲಸಿಕೆ ಕಂಪನಿಗಳ ಮೇಲೆ ದಾವೆಗಳು ಏರಿದವು, ಕಂಪನಿಗಳು ತಯಾರಿಕೆಯನ್ನೇ ಬಿಡತೊಡಗಿದವು. 1986ರಲ್ಲಿ ಅಲ್ಲಿನ ಸಂಸತ್ತು ಒಂದು ಕಾನೂನು ಮಾಡಿ ಕಂಪನಿಗಳನ್ನು ಬಹುಪಾಲು ದಾವೆಗಳಿಂದ ಕಾಪಾಡಿತು. ಆದರೆ ಕೈ ತೊಳೆದುಕೊಳ್ಳಲಿಲ್ಲ. ಲಸಿಕೆಯ ಪ್ರತಿ ಡೋಸಿನ ಮೇಲೆ ತೆರಿಗೆ ಹಾಕಿ ಒಂದು ನಿಧಿ ಮಾಡಿದರು. ಈಗ ಆ ತೆರಿಗೆ, ಲಸಿಕೆ ತಡೆಯುವ ಪ್ರತಿ ರೋಗಕ್ಕೆ 75 ಸೆಂಟ್. ಅಪರೂಪಕ್ಕೆ ಲಸಿಕೆಯಿಂದ ಹಾನಿಯಾದವರಿಗೆ ಅದರಿಂದ ಪರಿಹಾರ. ಇದನ್ನು ಟೀಕಿಸುವವರು ಇದ್ದಾರೆ, ಟೀಕೆಗೆ ಕಾರಣಗಳೂ ಇವೆ. ಆದರೂ ಇವತ್ತು ನಾನು ಹೇಳಿದ ಎಲ್ಲ ಕಾನೂನುಗಳಲ್ಲಿ, ಹೊರೆ ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಕೂತು ಲೆಕ್ಕ ಹಾಕಿದ್ದು ಇದೊಂದೇ ಅನಿಸುತ್ತದೆ.

ಇಮ್ಯುನಿಟಿಯನ್ನು ಕಾಗದದ ಮೇಲೆ ಬರೆದುಕೊಡುವ ಪದ್ಧತಿಯೂ ಇದೆ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇಲ್ಲದೆ ಕೆಲವು ದೇಶಗಳೊಳಗೆ ಬಿಡುವುದಿಲ್ಲ. ಮೊದಲು ಅದಕ್ಕೆ 10 ವರ್ಷದ ಅವಧಿ ಇತ್ತು. ಒಂದು ಡೋಸು ಜೀವಮಾನಕ್ಕೆ ಸಾಕು ಅಂತ ವಿಜ್ಞಾನ ಹೇಳಿದ ಮೇಲೆ, 2016ರ ಜುಲೈ 11ರಿಂದ ಹಳೆಯ ಪತ್ರಗಳೂ ಸೇರಿ ಎಲ್ಲವೂ ಜೀವಮಾನದ ಪತ್ರಗಳಾದವು. ಲಸಿಕೆ ಇಲ್ಲದ ಕಾಲದಲ್ಲಿ ಇದೇ ಹಳದಿ ಜ್ವರ ನ್ಯೂ ಆರ್ಲಿಯನ್ಸಿನಲ್ಲಿ ಬೇರೆ ಥರ ಕಾಗದ ಹುಟ್ಟಿಸಿತ್ತು. 1853ರ ಒಂದೇ ಬೇಸಿಗೆಯಲ್ಲಿ ಅಲ್ಲಿ ಸುಮಾರು 8,000 ಜನ ಸತ್ತರು. ಬದುಕಿ ಉಳಿದವನನ್ನು ಊರಿಗೆ ಒಗ್ಗಿದವನು ಅನ್ನುತ್ತಿದ್ದರು. ಕೆಲಸ ಕೊಡುವವರು, ವಿಮೆ ಮಾಡುವವರು ಅದನ್ನೇ ಕೇಳುತ್ತಿದ್ದರು. ಕೆಲಸ ಬೇಕಾದ ಹೊಸಬರು ರೋಗ ಬರಲಿ ಅಂತ ಕಾಯುವ ಸ್ಥಿತಿ. ಗುಲಾಮರ ಮಾಲೀಕರು ಇನ್ನೂ ಮುಂದೆ ಹೋದರು. ಕಪ್ಪು ಜನರಿಗೆ ಹುಟ್ಟಿನಿಂದಲೇ ಈ ರೋಗ ತಾಗುವುದಿಲ್ಲ ಅಂತ ಸುಳ್ಳು ಹಬ್ಬಿಸಿ, ಗುಲಾಮಗಿರಿಗೆ ಅದನ್ನೇ ಸಮರ್ಥನೆ ಮಾಡಿಕೊಂಡರು. ಅದೇ ಜನ, ಒಗ್ಗಿದ ಗುಲಾಮನಿಗೆ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ ಹೇಳುತ್ತಿದ್ದರು. ಹುಟ್ಟಿನಿಂದಲೇ ಇದ್ದಿದ್ದರೆ ಹೆಚ್ಚು ಬೆಲೆ ಯಾಕೆ? 2020ರಲ್ಲಿ ಕೋವಿಡ್ ಬಂದು ಹೋದವರಿಗೆ ಪಾಸ್‌ಪೋರ್ಟ್ ಕೊಡೋಣ ಅನ್ನುವ ಮಾತು ಬಂದಾಗ ವಿಶ್ವ ಆರೋಗ್ಯ ಸಂಸ್ಥೆ ಏಪ್ರಿಲ್‌ನಲ್ಲೇ ಎಚ್ಚರಿಸಿತು. ಮತ್ತೆ ಸೋಂಕು ತಗುಲುವುದಿಲ್ಲ ಅನ್ನುವುದಕ್ಕೆ ಪುರಾವೆ ಸಾಲದು ಅಂತ. ಮುಂದೆ ಲಕ್ಷಾಂತರ ಜನರಿಗೆ ಎರಡನೇ ಸಲ, ಮೂರನೇ ಸಲ ಬಂದೇ ಬಂತು.

ಪ್ರಶ್ನೆಗಳಿಗೆ ಬರುತ್ತೇನೆ.

ಮೊದಲ ಸಾಲಿನಲ್ಲಿದ್ದ ಒಬ್ಬರು ಕೇಳಿದರು: ಸಾರ್, ಅದೆಲ್ಲ ಸರಿ, ಇಮ್ಯುನಿಟಿ ಜಾಸ್ತಿ ಮಾಡಿಕೊಳ್ಳಲು ಏನು ತಗೋಬೇಕು?

ಜಾಸ್ತಿ ಯಾಕೆ ಬೇಕು ಅಂತ ನಾನು ತಿರುಗಿ ಕೇಳಿದೆ. ಅಲರ್ಜಿ ಅಂದರೆ ಜಾಸ್ತಿಯಾದ ಇಮ್ಯುನಿಟಿಯೇ. ಕೀಲುವಾತದ ಒಂದು ಬಗೆಯೂ ಅದೇ. ಏರಿಸಿ ಇಳಿಸುವುದಕ್ಕೆ ಮೈಯೊಳಗೆ ಒಂದು ಗುಂಡಿ ಇಲ್ಲ. ವಿಟಮಿನ್ ಸಿ ಬಗ್ಗೆ 11,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ್ದಾರೆ. ದಿನಾ ನುಂಗಿದರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ಕಡಿಮೆಯಾಗಲಿಲ್ಲ. ಬಂದ ನೆಗಡಿ ದೊಡ್ಡವರಲ್ಲಿ ಶೇಕಡಾ 8ರಷ್ಟು ಬೇಗ ಹೋಯಿತು. ಅಂದರೆ ಒಂದು ವಾರದ ನೆಗಡಿಯಲ್ಲಿ ಅರ್ಧ ದಿನ. ಕೊರತೆ ಇದ್ದವರ ಮಾತು ಬೇರೆ. ಹೊಟ್ಟೆಗೆ ಸರಿಯಾಗಿ ಇಲ್ಲದ ಮಗುವಿನ ರೋಗನಿರೋಧಕ ಶಕ್ತಿ ನಿಜವಾಗಿಯೂ ಕುಗ್ಗುತ್ತದೆ. ಅದಕ್ಕೆ ಬೇಕಾದದ್ದು ಊಟ. ಡಬ್ಬಿಯ ಮೇಲೆ ಇಮ್ಯುನಿಟಿ ಹೆಚ್ಚಿಸುತ್ತದೆ ಅಂತ ಬರೆದಿದ್ದರೆ ಯಾವ ರೋಗದಿಂದ ಅಂತ ಕೇಳಿ. ಕಾನೂನಿನಲ್ಲಿ, ಯಾವುದರಿಂದ ರಕ್ಷಣೆ ಅಂತ ಹೇಳದ ವಿನಾಯಿತಿಯನ್ನು ಯಾವ ನ್ಯಾಯಾಧೀಶರೂ ಒಪ್ಪುವುದಿಲ್ಲ. ಅಂಗಡಿಯಲ್ಲಿ ನಾವು ಸುಮ್ನೆ ಒಪ್ಪಿಬಿಡುತ್ತೇವೆ.

ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದರು: ರಾಯಭಾರಿಯ ರಕ್ಷಣೆಯನ್ನು ಅವನ ದೇಶ ಹಿಂತೆಗೆದುಕೊಳ್ಳಬಹುದು ಅಂದಿರಿ. ಮೈಗೆ ಬಂದ ಇಮ್ಯುನಿಟಿಯೂ ಹೀಗೆ ಹೋಗಬಹುದಾ?

ಹೋಗುತ್ತದೆ. ದಡಾರವೇ ಅದನ್ನು ಮಾಡುತ್ತದೆ. ಆ ವೈರಸ್ಸು ನೆನಪಿನ ಕೋಶಗಳನ್ನೇ ಹಿಡಿದು ಕೊಲ್ಲುತ್ತದೆ. ಲಸಿಕೆ ಹಾಕಿಸಿಕೊಳ್ಳದೆ ದಡಾರ ಬಂದ ಮಕ್ಕಳ ರಕ್ತವನ್ನು ಕಾಯಿಲೆಗೆ ಮೊದಲು ಮತ್ತು ಆಮೇಲೆ ಹೋಲಿಸಿ ನೋಡಿದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಬೇರೆ ಬೇರೆ ರೋಗಾಣುಗಳ ವಿರುದ್ಧ ಇದ್ದ ಪ್ರತಿಕಾಯಗಳಲ್ಲಿ ಶೇಕಡಾ 11ರಿಂದ 73ರವರೆಗೆ ಅಳಿಸಿಹೋಗಿದ್ದವು. ದಡಾರ ವಾಸಿಯಾದ ಮಗು ಹಿಂದೆ ಗೆದ್ದಿದ್ದ ರೋಗಗಳನ್ನು ಮತ್ತೆ ಎದುರಿಸಬೇಕು.

ಅಸ್ಥಿಮಜ್ಜೆ ಕಸಿಯಲ್ಲಿ ಇನ್ನೂ ಜಾಸ್ತಿ. ಹಳೆಯ ಮಜ್ಜೆಯನ್ನು ಔಷಧಿಯಿಂದ ನಾಶ ಮಾಡಿ ಹೊಸದನ್ನು ಹಾಕುತ್ತಾರೆ. ಅದರೊಂದಿಗೆ ಬಾಲ್ಯದ ಲಸಿಕೆಗಳ ನೆನಪು ಬಹುಪಾಲು ಹೋಗುತ್ತದೆ. 50 ವರ್ಷದವರಾದರೂ ಆರು ತಿಂಗಳೋ ಒಂದು ವರ್ಷವೋ ಕಳೆದ ಮೇಲೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಪೋಲಿಯೊ ಎಲ್ಲವನ್ನೂ ಮೊದಲಿನಿಂದ ಹಾಕಿಸಿಕೊಳ್ಳಬೇಕು. ದಡಾರದ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದರಿಂದ ಅದನ್ನು ಸಾಮಾನ್ಯವಾಗಿ ಎರಡು ವರ್ಷದವರೆಗೆ ಕೊಡುವಂತಿಲ್ಲ. ಆ ಎರಡು ವರ್ಷ ರೋಗಿಗೆ ಲಸಿಕೆ ಇಲ್ಲ ಅಂತ ಜೊತೆಯಲ್ಲಿರುವವರನ್ನು ಕರೆದು ಕೂರಿಸಿಕೊಳ್ಳುತ್ತಾರೆ. ನಿಮಗೆ ದಡಾರದ ಎರಡೂ ಡೋಸು ಆಗಿದೆಯಾ, ಈ ವರ್ಷದ ಫ್ಲೂ ಲಸಿಕೆ ಹಾಕಿಸಿಕೊಂಡಿದ್ದೀರಾ ಅಂತ ಕೇಳುತ್ತಾರೆ. ಆಗಿಲ್ಲದಿದ್ದರೆ ತೋಳು ಮುಂದೆ ಮಾಡಬೇಕಾದದ್ದು ಅವರು.